ಕುದುರೆಮುಖ ರಾಷ್ಟ್ರೀಯ ಉದ್ಯಾನ: ಪ್ರವಾಸಿಗರು ಹಾಗೂ ಚಾರಣಿಗರಿಗೆ ಮಾಹಿತಿ

ಪಶ್ಚಿಮ ಘಟ್ಟದ ಕುದುರೆಮುಖ ಶ್ರೇಣಿಗೆ ಭೇಟಿ ನೀಡಲು ಇಚ್ಛಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಉದ್ಯಾನದ ಪರಿಚಯ, ಭೇಟಿಗೆ ಸೂಕ್ತವಾದ ಕಾಲ, ಚಾರಣ ಮಾರ್ಗಗಳು, ಅನುಮತಿ ಪಡೆಯುವ ಕ್ರಮ, ಪಾಲಿಸತಕ್ಕ ನಿಯಮಗಳು ಹಾಗೂ ಸುರಕ್ಷತೆಗೆ ಸಂಬಂಧಿಸಿದ ಸೂಚನೆಗಳನ್ನು ಇಲ್ಲಿ ಅನುಕ್ರಮವಾಗಿ ವಿವರಿಸಲಾಗಿದೆ. ಪ್ರವಾಸದ ದಿನಾಂಕವನ್ನು ನಿಗದಿಪಡಿಸಿಕೊಳ್ಳುವ ಮುನ್ನ ಇದನ್ನು ಪೂರ್ಣವಾಗಿ ಓದಿಕೊಳ್ಳುವಂತೆ ಕೋರಲಾಗಿದೆ. ದೂರದ ಊರುಗಳಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು ಅನುಮತಿ ಇಲ್ಲದ ಕಾರಣ ತನಿಖಾ ಠಾಣೆಯಿಂದಲೇ ಹಿಂದಿರುಗಬೇಕಾಗುವ ಸಂದರ್ಭವನ್ನು ತಪ್ಪಿಸುವುದು ಈ ಮಾಹಿತಿಯ ಮುಖ್ಯ ಉದ್ದೇಶವಾಗಿದೆ.

1. ಉದ್ಯಾನದ ಪರಿಚಯ

ಕುದುರೆಮುಖ ರಾಷ್ಟ್ರೀಯ ಉದ್ಯಾನವು ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಇದರ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಸಂಸೆ ಗ್ರಾಮದ ಕಡೆಯಿಂದ ನೋಡಿದಾಗ ಶಿಖರವು ಕುದುರೆಯ ಮುಖದಂತೆ ಕಾಣುವುದರಿಂದ ಈ ಹೆಸರು ಬಂದಿದೆ. ಹಿಂದೆ ಇದನ್ನು ಸಂಸೆ ಪರ್ವತ ಎಂದೂ ಕರೆಯಲಾಗುತ್ತಿತ್ತು. ಶಿಖರದ ಎತ್ತರ ಸಮುದ್ರ ಮಟ್ಟದಿಂದ ಸುಮಾರು 1,890 ಮೀಟರ್. ಆಕಾಶ ತಿಳಿಯಾಗಿರುವ ದಿನಗಳಲ್ಲಿ ಶಿಖರದ ಮೇಲಿನಿಂದ ಪಶ್ಚಿಮಕ್ಕೆ ಅರಬ್ಬಿ ಸಮುದ್ರದವರೆಗೆ ದೃಷ್ಟಿ ಹರಿಯುತ್ತದೆ.

ಸಿಂಗಳೀಕಗಳ ಸ್ಥಿತಿಗತಿಯನ್ನು ಕುರಿತು ವನ್ಯಜೀವಿ ವಿಜ್ಞಾನಿ ಡಾ. ಕೆ. ಉಲ್ಲಾಸ ಕಾರಂತರು 1983-84ರಲ್ಲಿ ಕರ್ನಾಟಕದ ಮಳೆಕಾಡುಗಳಲ್ಲಿ ಸಮೀಕ್ಷೆ ನಡೆಸಿದರು. ಈ ಪ್ರದೇಶದ ಅರಣ್ಯವನ್ನು ಒಟ್ಟಾಗಿ ಸಂರಕ್ಷಿಸುವ ಅಗತ್ಯ ಆ ಸಮೀಕ್ಷೆಯಿಂದ ಸ್ಪಷ್ಟವಾಯಿತು. ತರುವಾಯ 1987ರಲ್ಲಿ ಸರ್ಕಾರವು ರಾಷ್ಟ್ರೀಯ ಉದ್ಯಾನವನ್ನು ರಚಿಸುವ ಅಧಿಸೂಚನೆ ಹೊರಡಿಸಿತು. ಅಂತಿಮ ಅಧಿಸೂಚನೆ 2001ರಲ್ಲಿ ಹೊರಬಿದ್ದಿತು. 2012ರ ಜುಲೈ ತಿಂಗಳಿನಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕರ್ನಾಟಕದ 10 ತಾಣಗಳು ಅದರಲ್ಲಿದ್ದು, ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅವುಗಳಲ್ಲಿ ಒಂದಾಗಿದೆ.

ಉದ್ಯಾನದ ಆಡಳಿತವು ಅರಣ್ಯ ಇಲಾಖೆಯ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದೆ. ವಿಭಾಗದ ಕಚೇರಿಯು ಉಡುಪಿ ಜಿಲ್ಲೆಯ ಕಾರ್ಕಳದಲ್ಲಿದೆ.

2. ಶೋಲಾ ಕಾಡು, ಹುಲ್ಲುಗಾವಲು ಮತ್ತು ಮೂರು ನದಿಗಳು

ಕುದುರೆಮುಖದ ಭೂದೃಶ್ಯವನ್ನು ಮೊದಲ ಬಾರಿಗೆ ನೋಡುವವರಿಗೆ ಬೆಟ್ಟದ ಮೇಲ್ಭಾಗ ಬೋಳಾಗಿಯೂ ಕಣಿವೆಗಳು ದಟ್ಟವಾಗಿಯೂ ಕಾಣುವುದುಂಟು. ಬೆಟ್ಟದ ಮೇಲಿನ ಮರಗಳನ್ನು ಕಡಿದು ಹೀಗಾಗಿದೆ ಎಂದು ಅನೇಕರು ತಿಳಿಯುತ್ತಾರೆ. ಈ ತಿಳಿವಳಿಕೆ ಸರಿಯಲ್ಲ. ಗಾಳಿಯ ಹೊಡೆತಕ್ಕೆ ಒಡ್ಡಿಕೊಂಡ ಏಣು ಮತ್ತು ಇಳಿಜಾರುಗಳಲ್ಲಿ ಹುಲ್ಲು, ಗಾಳಿಯಿಂದ ಮರೆಯಾಗಿ ತೇವ ಉಳಿಯುವ ಕಣಿವೆಗಳಲ್ಲಿ ಕುಳ್ಳಗಿನ ನಿತ್ಯಹರಿದ್ವರ್ಣದ ಮರಗಳು: ಇದು ಪಶ್ಚಿಮ ಘಟ್ಟದ ಎತ್ತರದ ಭಾಗಗಳ ಸ್ವಾಭಾವಿಕ ರಚನೆಯಾಗಿದೆ. ಕಣಿವೆಯ ಈ ಕಾಡುಗಳಿಗೆ ಶೋಲಾ ಕಾಡು ಎಂದು ಹೆಸರು. ಇನ್ನೂ ಕೆಳಗಿನ ಇಳಿಜಾರುಗಳಲ್ಲಿ, ವಿಶೇಷವಾಗಿ ಕರಾವಳಿಗೆ ಮುಖ ಮಾಡಿದ ಘಟ್ಟದ ಮೈಯಲ್ಲಿ, ಎತ್ತರದ ಮರಗಳ ಮಳೆಕಾಡು ಇದೆ.

ಉದ್ಯಾನದ ಪಶ್ಚಿಮ ಅಂಚಿನ ಭಾಗಗಳಲ್ಲಿ ವರ್ಷಕ್ಕೆ 6,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವುದುಂಟು. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿನಲ್ಲೇ ಸುರಿಯುತ್ತದೆ. ಹುಲ್ಲಿನ ಬೇರು ಹಾಗೂ ಶೋಲಾದ ನೆಲದಲ್ಲಿರುವ ತರಗೆಲೆಯ ಹಾಸು ಈ ನೀರನ್ನು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೂ ಅನೇಕ ತಿಂಗಳು ಹಳ್ಳಗಳಿಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಬೇಸಿಗೆಯಲ್ಲಿಯೂ ಇಲ್ಲಿನ ಹಳ್ಳಗಳು ಹರಿಯುವುದಕ್ಕೆ ಇದೇ ಕಾರಣ.

ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ಉಗಮವು ಇದೇ ಶ್ರೇಣಿಯಲ್ಲಿದೆ. ಗಂಗಾಮೂಲ ಅಥವಾ ವರಾಹ ಪರ್ವತವೆಂದು ಕರೆಯಲಾಗುವ ಸ್ಥಳವನ್ನು ಈ ನದಿಗಳ ಮೂಲವೆಂದು ಜನರು ಗೌರವಿಸುತ್ತಾರೆ. ತುಂಗಾ ಮತ್ತು ಭದ್ರಾ ನದಿಗಳು ಪೂರ್ವಾಭಿಮುಖವಾಗಿ ಹರಿದು, ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾಗುತ್ತವೆ. ಲಕ್ಕವಳ್ಳಿಯ ಭದ್ರಾ ಜಲಾಶಯ ಹಾಗೂ ಹೊಸಪೇಟೆಯ ತುಂಗಭದ್ರಾ ಜಲಾಶಯಗಳು ಈ ನೀರನ್ನು ಅವಲಂಬಿಸಿವೆ. ನೇತ್ರಾವತಿಯು ಪಶ್ಚಿಮಕ್ಕೆ ಹರಿದು, ತುಂಬೆಯ ಅಣೆಕಟ್ಟೆಯ ಮೂಲಕ ಮಂಗಳೂರು ನಗರಕ್ಕೆ ಕುಡಿಯುವ ನೀರನ್ನು ಒದಗಿಸಿ ಸಮುದ್ರ ಸೇರುತ್ತದೆ. ದಾವಣಗೆರೆಯ ಭತ್ತದ ಗದ್ದೆಗೂ ರಾಯಚೂರಿನ ಕಾಲುವೆಗೂ ಮಂಗಳೂರಿನ ಮನೆಯ ನಲ್ಲಿಗೂ ಈ ಬೆಟ್ಟದ ಹುಲ್ಲಿಗೂ ನೇರವಾದ ಸಂಬಂಧವಿದೆ. ಮುಂದೆ ವಿವರಿಸಿರುವ ಮಿತಿ ಹಾಗೂ ನಿಷೇಧಗಳಲ್ಲಿ ಹೆಚ್ಚಿನವು ಈ ಹುಲ್ಲು ಮತ್ತು ಕಾಡನ್ನು ಉಳಿಸಿಕೊಳ್ಳುವ ಉದ್ದೇಶದಿಂದಲೇ ಜಾರಿಯಲ್ಲಿವೆ.

3. ಗಣಿಗಾರಿಕೆಯ ಹಿನ್ನೆಲೆ

ಕುದುರೆಮುಖದ ಹೆಸರು ಬಹುಕಾಲ ಕಬ್ಬಿಣದ ಅದಿರಿನೊಂದಿಗೆ ಜೋಡಿಸಿಕೊಂಡಿತ್ತು. ಕೇಂದ್ರ ಸರ್ಕಾರದ ಉದ್ಯಮವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯನ್ನು 1976ರಲ್ಲಿ ಸ್ಥಾಪಿಸಲಾಯಿತು. ಇಲ್ಲಿ ಅಗೆದು ಸಂಸ್ಕರಿಸಿದ ಅದಿರನ್ನು ನೀರಿನೊಂದಿಗೆ ಬೆರೆಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಸಾಗಿಸಲಾಗುತ್ತಿತ್ತು. ಸಂಸ್ಕರಣೆಯ ನಂತರ ಉಳಿಯುವ ಕೆಸರನ್ನು ತಡೆಹಿಡಿಯಲು ಲಕ್ಯಾ ಹಳ್ಳಕ್ಕೆ ಅಣೆಕಟ್ಟು ನಿರ್ಮಿಸಲಾಯಿತು.

ಗಣಿಯಿಂದ ಭದ್ರಾ ನದಿಗೆ ಹೂಳು ಸೇರುತ್ತಿರುವುದು ಹಾಗೂ ಅರಣ್ಯಕ್ಕೆ ಧಕ್ಕೆಯಾಗುತ್ತಿರುವುದನ್ನು ಆಕ್ಷೇಪಿಸಿ ಪರಿಸರ ಸಂಘಟನೆಗಳು ನ್ಯಾಯಾಲಯದ ಮೊರೆಹೊಕ್ಕವು. ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ನೀಡಿದ ತೀರ್ಪಿನ ಮೇರೆಗೆ, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆಯು ಸ್ಥಗಿತಗೊಂಡಿತು. ರಸ್ತೆಯಲ್ಲಿ ಸಾಗುವವರಿಗೆ ಅಗೆದ ಬೆಟ್ಟದ ಮೆಟ್ಟಿಲುಗಳೂ ಹಳೆಯ ವಸತಿ ನಗರದ ಕಟ್ಟಡಗಳೂ ಕಾಣಸಿಗುತ್ತವೆ. ಒಮ್ಮೆ ಕಳೆದುಕೊಂಡ ಹುಲ್ಲುಗಾವಲು ಮತ್ತು ಶೋಲಾ ಮತ್ತೆ ಮೊದಲಿನಂತಾಗಲು ಎಷ್ಟು ಕಾಲ ಬೇಕೆಂಬುದನ್ನು ಅಲ್ಲಿಯೇ ಕಣ್ಣಾರೆ ನೋಡಬಹುದು. ಲಕ್ಯಾ ಅಣೆಕಟ್ಟು, ಗಣಿ ಪ್ರದೇಶ ಹಾಗೂ ಪಾಳುಬಿದ್ದ ಕಟ್ಟಡಗಳನ್ನು ಅನುಮತಿಯಿಲ್ಲದೆ ಪ್ರವೇಶಿಸಬಾರದು.

4. ವನ್ಯಜೀವಿಗಳು

ಹುಲಿ, ಚಿರತೆ, ಸೀಳುನಾಯಿ, ಕಾಡುಕೋಣ (ಕಾಟಿ), ಕಡವೆ, ಕಾಡುಹಂದಿ, ಕೆಂಜಳಿಲು, ಮಂಗಟ್ಟೆ ಹಕ್ಕಿ, ಕಾಳಿಂಗ ಸರ್ಪ ಮೊದಲಾದವು ಈ ಉದ್ಯಾನದಲ್ಲಿವೆ. ಆದಾಗ್ಯೂ ಇದು ಬಂಡೀಪುರ ಅಥವಾ ನಾಗರಹೊಳೆಯಂತೆ ಸಫಾರಿ ವಾಹನದಲ್ಲಿ ಕುಳಿತು ಪ್ರಾಣಿಗಳನ್ನು ನೋಡುವ ಸ್ಥಳವಲ್ಲ. ಮಳೆಕಾಡಿನ ದಟ್ಟಣೆಯಲ್ಲಿ ದೊಡ್ಡ ಪ್ರಾಣಿಗಳು ಸುಲಭವಾಗಿ ಕಾಣಿಸುವುದಿಲ್ಲ. ಅವುಗಳ ಹೆಜ್ಜೆಗುರುತು, ಲದ್ದಿ, ಮರದ ಮೇಲಿನ ಕೂಗು ಇವುಗಳಿಂದಲೇ ಇರವನ್ನು ತಿಳಿಯಬೇಕಾಗುತ್ತದೆ. ಸದ್ದಿಲ್ಲದೆ ನಡೆಯುವ ಸಣ್ಣ ಗುಂಪಿಗೆ ಮಾತ್ರ ಈ ಅವಕಾಶ ಲಭಿಸುತ್ತದೆ.

ಇಲ್ಲಿನ ಜೀವಿಗಳಲ್ಲಿ ಸಿಂಗಳೀಕವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ ಹಾಗೂ ತುದಿಯಲ್ಲಿ ಕುಚ್ಚಿರುವ ಬಾಲ ಇದರ ಗುರುತು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲಿಯೂ ಈ ಮಂಗವು ಸ್ವಾಭಾವಿಕವಾಗಿ ಕಂಡುಬರುವುದಿಲ್ಲ. ಇದು ಅಳಿವಿನಂಚಿನಲ್ಲಿರುವ ಪ್ರಭೇದವಾಗಿದ್ದು, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿದೆ. ಸಿಂಗಳೀಕವು ಮರದಿಂದ ಮರಕ್ಕೆ ಸಾಗುತ್ತಾ ಕಾಡಿನ ಹಣ್ಣುಗಳನ್ನು ತಿಂದು ಬದುಕುತ್ತದೆ, ನೆಲಕ್ಕಿಳಿಯುವುದು ವಿರಳ. ರಸ್ತೆಯ ಬದಿಯಲ್ಲಿ ಬಿಸ್ಕತ್ತು, ಬಾಳೆಹಣ್ಣು ಕೊಡುವುದನ್ನು ಅಭ್ಯಾಸ ಮಾಡಿದಲ್ಲಿ ಇಂತಹ ಪ್ರಾಣಿಯೂ ರಸ್ತೆಗಿಳಿದು ವಾಹನಗಳಿಗೆ ಸಿಕ್ಕಿ ಸಾಯುತ್ತದೆ. ಆದ್ದರಿಂದ ಕೋತಿ, ಸಿಂಗಳೀಕ ಅಥವಾ ಯಾವುದೇ ಪ್ರಾಣಿಗೆ ಆಹಾರ ನೀಡುವುದನ್ನು ನಿಷೇಧಿಸಲಾಗಿದೆ.

5. ಭೇಟಿಗೆ ಸೂಕ್ತವಾದ ಕಾಲ

(ಅ) ಅಕ್ಟೋಬರ್‌ನಿಂದ ಜನವರಿ: ಮಳೆ ಕಡಿಮೆಯಾಗಿ ಹುಲ್ಲು ಹಸಿರಾಗಿರುವ ಈ ಅವಧಿಯು ಚಾರಣಕ್ಕೆ ಅತ್ಯಂತ ಸೂಕ್ತ. ಬೆಳಗಿನ ವೇಳೆ ಚಳಿ ಹಾಗೂ ಮಂಜು ಇರುತ್ತದೆ.

(ಆ) ಫೆಬ್ರವರಿಯಿಂದ ಮೇ: ಹುಲ್ಲು ಒಣಗಿ ಕಾಳ್ಗಿಚ್ಚಿನ ಅಪಾಯ ಹೆಚ್ಚುವುದರಿಂದ ಈ ಅವಧಿಯಲ್ಲಿ ಚಾರಣ ಮಾರ್ಗಗಳನ್ನು ಮುಚ್ಚಲಾಗುತ್ತದೆ. ಆಯಾ ವರ್ಷದ ಒಣಹವೆಯನ್ನು ಗಮನಿಸಿ ಮುಚ್ಚುವ ಹಾಗೂ ತೆರೆಯುವ ದಿನಾಂಕಗಳನ್ನು ವಿಭಾಗದ ಅಧಿಕಾರಿಗಳು ನಿರ್ಧರಿಸುತ್ತಾರೆ. ಒಣಹುಲ್ಲಿನ ಮೇಲೆ ಬಿದ್ದ ಒಂದು ಬೀಡಿಯ ತುಂಡು ಗಾಳಿಯ ನೆರವಿನಿಂದ ಕೆಲವೇ ಗಂಟೆಗಳಲ್ಲಿ ಇಡೀ ಬೆಟ್ಟವನ್ನು ಸುಡಬಲ್ಲುದು. ಹುಲ್ಲು ಮುಂದಿನ ಮಳೆಗೆ ಚಿಗುರಬಹುದಾದರೂ, ಶೋಲಾದ ಅಂಚಿನ ಮರಗಳು ಸುಟ್ಟರೆ ಅಷ್ಟು ಸುಲಭವಾಗಿ ಮರಳಿ ಬರುವುದಿಲ್ಲ.

(ಇ) ಜೂನ್‌ನಿಂದ ಸೆಪ್ಟೆಂಬರ್: ಬೆಟ್ಟಗಳೂ ಜಲಪಾತಗಳೂ ಅತ್ಯಂತ ಸುಂದರವಾಗಿರುವ ಕಾಲ ಇದೇ. ಆದರೆ ಕಾಲುದಾರಿಗಳು ಜಾರುತ್ತವೆ, ಹಳ್ಳಗಳು ಏಕಾಏಕಿ ತುಂಬುತ್ತವೆ, ಮಂಜು ಕವಿದು ದಾರಿ ಮರೆಯಾಗುತ್ತದೆ. ಭಾರಿ ಮಳೆಯ ಮುನ್ಸೂಚನೆ ಇರುವ ದಿನಗಳಲ್ಲಿ ಮುಂಗಡ ಅನುಮತಿ ಪಡೆದವರಿಗೂ ಪ್ರವೇಶ ನಿರಾಕರಿಸಬಹುದು.

6. ಚಾರಣ ಮಾರ್ಗಗಳು ಹಾಗೂ ನೋಡತಕ್ಕ ಸ್ಥಳಗಳು

6.1 ಕುದುರೆಮುಖ ಶಿಖರ: ಕಳಸದ ಸಮೀಪದ ಸಂಸೆಯಿಂದ ಬಾಳೆಗಲ್ ಮೂಲಕ ಮುಳ್ಳೋಡಿಗೆ ತಲುಪಿ, ಅಲ್ಲಿಂದ ನಡಿಗೆ ಆರಂಭಿಸಬೇಕು. ಬಾಳೆಗಲ್‌ನಿಂದ ಮುಳ್ಳೋಡಿಗೆ ಹೋಗುವ ದಾರಿ ಕಡಿದಾಗಿದ್ದು ಸಾಮಾನ್ಯ ಕಾರುಗಳಿಗೆ ಯೋಗ್ಯವಲ್ಲ. ಸ್ಥಳೀಯ ಜೀಪುಗಳು ಲಭ್ಯವಿವೆ. ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಒಟ್ಟು ಸುಮಾರು 18ರಿಂದ 20 ಕಿಲೋಮೀಟರ್ ನಡಿಗೆ ಇದೆ. ದಾರಿಯಲ್ಲಿ ಹಲವು ಹಳ್ಳಗಳನ್ನು ದಾಟಬೇಕು. ಒಂಟಿಮರ ಎಂಬ ಗುರುತಿನ ಸ್ಥಳದ ನಂತರ ಹುಲ್ಲಿನ ಏಣು ಆರಂಭವಾಗುತ್ತದೆ.

ಈ ಮಾರ್ಗದಲ್ಲಿ ಸಮಯದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಅತ್ಯವಶ್ಯ. ಏರು ದಾರಿಯಲ್ಲಿ ಸಾಮಾನ್ಯ ಆರೋಗ್ಯವಂತರು ಗಂಟೆಗೆ ಸರಾಸರಿ 2ರಿಂದ 2.5 ಕಿಲೋಮೀಟರ್ ನಡೆಯಬಲ್ಲರು. ಬೆಳಿಗ್ಗೆ 7 ಗಂಟೆಗೆ ಹೊರಟ ಗುಂಪು ಶಿಖರ ತಲುಪುವಾಗ 11ರಿಂದ 12 ಗಂಟೆಯಾಗುತ್ತದೆ. ಅರ್ಧ ಗಂಟೆಯ ವಿಶ್ರಾಂತಿಯ ನಂತರ ಇಳಿದರೆ ಸಂಜೆ 4ರ ಹೊತ್ತಿಗೆ ಮುಳ್ಳೋಡಿ ಸೇರಬಹುದು. ಅದೇ ಗುಂಪು 10 ಗಂಟೆಗೆ ಹೊರಟಿದ್ದಲ್ಲಿ, ಇಳಿಯುವಾಗ ಕಣಿವೆಯ ಕಾಡಿನಲ್ಲಿಯೇ ಕತ್ತಲಾಗುತ್ತದೆ. ಆದಕಾರಣ ಗುಂಪು ಎಲ್ಲಿಯೇ ಇದ್ದರೂ ಮಧ್ಯಾಹ್ನ 1 ಗಂಟೆಯೊಳಗೆ ಹಿಂದಿರುಗಲು ಆರಂಭಿಸುವುದು ಕ್ಷೇಮಕರ. ಮಾರ್ಗದರ್ಶಕರು ಹಿಂದಿರುಗಲು ಸೂಚಿಸಿದಾಗ, ಶಿಖರ ಕಣ್ಣೆದುರಿಗೇ ಇದ್ದರೂ, ಪಾಲಿಸತಕ್ಕದ್ದು.

6.2 ಕುರಿಂಜಾಲ್ ಶಿಖರ: ಭಗವತಿ ಪ್ರಕೃತಿ ಶಿಬಿರದ ಸಮೀಪದಿಂದ ಆರಂಭವಾಗುವ ಈ ಮಾರ್ಗವು ಕುದುರೆಮುಖ ಶಿಖರದ ಮಾರ್ಗಕ್ಕಿಂತ ಸುಲಭವಾಗಿದೆ. ಮೊದಲ ಬಾರಿಗೆ ಚಾರಣ ಮಾಡುವವರಿಗೂ ಕುಟುಂಬದೊಂದಿಗೆ ಬರುವವರಿಗೂ ಇದು ಸೂಕ್ತ.

6.3 ಇತರ ಮಾರ್ಗಗಳು: ಗಂಗಡಿಕಲ್ಲು, ವಾಲಿಕುಂಜ, ಸಂಸೆಯ ಕಡೆಯ ನೇತ್ರಾವತಿ ಶಿಖರ ಹಾಗೂ ಕಿಗ್ಗದ ಕಡೆಯ ನರಸಿಂಹ ಪರ್ವತ. ಯಾವ ಮಾರ್ಗ ಯಾವ ದಿನ ತೆರೆದಿದೆ ಎಂಬುದನ್ನು ಮುಂಗಡ ಕಾಯ್ದಿರಿಸುವ ಸಮಯದಲ್ಲಿ ಪರಿಶೀಲಿಸಿಕೊಳ್ಳಬೇಕು.

6.4 ಜಲಪಾತಗಳು: ಕಾರ್ಕಳ–ಕುದುರೆಮುಖ ರಸ್ತೆಗೆ ಸಮೀಪವಿರುವ ಹನುಮಾನ್ ಗುಂಡಿ ಜಲಪಾತಕ್ಕೆ ರಸ್ತೆಯಿಂದ ಮೆಟ್ಟಿಲುಗಳ ಮೂಲಕ ಇಳಿಯಬೇಕು. ಸುಮಾರು 100 ಅಡಿ ಎತ್ತರದ ಈ ಜಲಪಾತಕ್ಕೆ ಪ್ರವೇಶ ಶುಲ್ಕವಿದ್ದು, ಸ್ಥಳದಲ್ಲಿಯೇ ರಸೀದಿ ನೀಡಲಾಗುತ್ತದೆ. ಇಳಿದಷ್ಟೇ ಮೆಟ್ಟಿಲುಗಳನ್ನು ಹತ್ತಬೇಕಾಗುವುದರಿಂದ ಹಿರಿಯರು ಹಾಗೂ ಹೃದ್ರೋಗವುಳ್ಳವರು ಯೋಚಿಸಿ ಇಳಿಯುವುದು ಒಳಿತು. ಕಡಾಂಬಿ ಜಲಪಾತವು ರಸ್ತೆಯ ಬದಿಯಲ್ಲಿಯೇ ಕಾಣುತ್ತದೆ. ಮಳೆಗಾಲದಲ್ಲಿ ಎರಡೂ ಕಡೆ ನೀರಿಗಿಳಿಯುವುದಾಗಲಿ, ಪಾಚಿಗಟ್ಟಿದ ಬಂಡೆಗಳನ್ನು ಹತ್ತುವುದಾಗಲಿ ಕೂಡದು.

7. ಅನುಮತಿ ಪಡೆಯುವ ಕ್ರಮ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯ ಸಂದರ್ಭದಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನರು ಏಕಕಾಲಕ್ಕೆ ಬಂದು ಸೇರಿದರು. ಕಿರಿದಾದ ಕಾಲುದಾರಿಯಲ್ಲಿ ಜನಸಂದಣಿ ಉಂಟಾಗಿ, ಅರಣ್ಯಕ್ಕೂ ಚಾರಣಿಗರಿಗೂ ಅಪಾಯವೊದಗುವ ಪರಿಸ್ಥಿತಿ ನಿರ್ಮಾಣವಾಯಿತು. ಇದರ ನಂತರ ಸರ್ಕಾರವು ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಇಲ್ಲದ ಮಾರ್ಗಗಳಲ್ಲಿ ಚಾರಣವನ್ನು ತಡೆಹಿಡಿದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಅಂತರ್ಜಾಲ ವ್ಯವಸ್ಥೆಯನ್ನು ಆರಂಭಿಸಿತು. ಒಂದು ಮಾರ್ಗಕ್ಕೆ ದಿನವೊಂದಕ್ಕೆ ಗರಿಷ್ಠ 300 ಚಾರಣಿಗರು ಎಂಬ ಮಿತಿಯನ್ನೂ ಆಗ ಗೊತ್ತುಪಡಿಸಲಾಯಿತು.

ಅರ್ಜಿದಾರರು ಅನುಸರಿಸತಕ್ಕ ಕ್ರಮ ಹೀಗಿದೆ:

(1) ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆಯ ಮೂಲಕ ನೋಂದಾಯಿಸಿಕೊಳ್ಳಬೇಕು.

(2) ಮಾರ್ಗ ಹಾಗೂ ದಿನಾಂಕವನ್ನು ಆಯ್ಕೆ ಮಾಡಿ, ಸ್ಥಳ ಲಭ್ಯವಿದೆಯೇ ಎಂದು ನೋಡಬೇಕು. ಶನಿವಾರ, ಭಾನುವಾರ ಹಾಗೂ ಸಾಲು ರಜೆಗಳ ಸ್ಥಳಗಳು ಬೇಗನೆ ಭರ್ತಿಯಾಗುತ್ತವೆ. ವಾರದ ಮಧ್ಯದ ದಿನಗಳನ್ನು ಆರಿಸಿಕೊಂಡಲ್ಲಿ ಅನುಮತಿಯೂ ಸುಲಭ, ಕಾಡಿನ ಮೌನವೂ ಲಭ್ಯ.

(3) ಗುಂಪಿನ ಪ್ರತಿಯೊಬ್ಬ ಸದಸ್ಯನ ಹೆಸರು, ವಯಸ್ಸು ಹಾಗೂ ಗುರುತಿನ ಚೀಟಿಯ ವಿವರವನ್ನು ತಪ್ಪಿಲ್ಲದೆ ಭರ್ತಿ ಮಾಡಬೇಕು. ಟಿಕೆಟಿನಲ್ಲಿರುವ ಹೆಸರಿಗೂ ತೋರಿಸುವ ಗುರುತಿನ ಚೀಟಿಗೂ ವ್ಯತ್ಯಾಸವಿದ್ದಲ್ಲಿ ಪ್ರವೇಶ ದೊರೆಯುವುದಿಲ್ಲ.

(4) ಶುಲ್ಕವು ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ. ಜಾಲತಾಣದಲ್ಲಿ ಆ ದಿನ ತೋರಿಸುವ ಮೊತ್ತವೇ ಅಧಿಕೃತ. ಪಾವತಿಗೆ ಮುನ್ನ ರದ್ದತಿ ಹಾಗೂ ಮರುಪಾವತಿಯ ಷರತ್ತುಗಳನ್ನು ಓದಿಕೊಳ್ಳಬೇಕು.

(5) ಟಿಕೆಟನ್ನು ಮುದ್ರಿಸಿಕೊಳ್ಳುವುದು ಅಥವಾ ಮೊಬೈಲಿನಲ್ಲಿ ಉಳಿಸಿಕೊಳ್ಳುವುದು ಅವಶ್ಯ. ಬೆಟ್ಟದ ತಪ್ಪಲಿನಲ್ಲಿ ಬಹುತೇಕ ಕಡೆ ದೂರವಾಣಿ ಸಂಕೇತ ದೊರೆಯದ ಕಾರಣ, ಅಲ್ಲಿಗೆ ಬಂದ ಮೇಲೆ ಜಾಲತಾಣವನ್ನು ತೆರೆಯಲಾಗುವುದಿಲ್ಲ.

(6) ನಿಗದಿತ ದಿನ ಮೂಲ ಗುರುತಿನ ಚೀಟಿಯೊಂದಿಗೆ ಅರಣ್ಯ ಇಲಾಖೆಯ ಪ್ರವೇಶ ಸ್ಥಳದಲ್ಲಿ ಹಾಜರಾಗಿ, ಅಲ್ಲಿ ನಿಯೋಜಿಸುವ ಮಾರ್ಗದರ್ಶಕರೊಂದಿಗೇ ತೆರಳಬೇಕು.

ವಿಶೇಷ ಸೂಚನೆ: ಹೋಂಸ್ಟೇ, ಪ್ರವಾಸ ಸಂಸ್ಥೆ ಅಥವಾ ಜೀಪು ಚಾಲಕರಿಗೆ ಹಣ ಪಾವತಿಸಿದ ಮಾತ್ರಕ್ಕೆ ಚಾರಣದ ಅನುಮತಿ ದೊರೆತಂತೆ ಆಗುವುದಿಲ್ಲ. ವಸತಿಯ ರಸೀದಿ ಬೇರೆ, ಅರಣ್ಯ ಪ್ರವೇಶದ ಟಿಕೆಟ್ ಬೇರೆ. ‘ಎಲ್ಲವೂ ಸೇರಿ’ ಎಂದು ಮೊತ್ತ ಪಡೆಯುವವರಿಂದ ತಮ್ಮ ಹೆಸರಿನಲ್ಲಿರುವ ಅರಣ್ಯ ಇಲಾಖೆಯ ಟಿಕೆಟನ್ನು ಪ್ರಯಾಣಕ್ಕೆ ಮುಂಚೆಯೇ ಕೇಳಿ ಪಡೆಯುವುದು ಅರ್ಜಿದಾರರ ಹಿತದೃಷ್ಟಿಯಿಂದ ಒಳ್ಳೆಯದು.

ವೈಜ್ಞಾನಿಕ ಸಂಶೋಧನೆ ಹಾಗೂ ಚಲನಚಿತ್ರ ಚಿತ್ರೀಕರಣಕ್ಕೆ ಮೇಲ್ಕಂಡ ಟಿಕೆಟ್ ಅನ್ವಯಿಸುವುದಿಲ್ಲ. ಇವುಗಳಿಗೆ ಪ್ರತ್ಯೇಕವಾಗಿ ಲಿಖಿತ ಅನುಮತಿ ಪಡೆಯಬೇಕು. ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ.

8. ತಲುಪುವ ಮಾರ್ಗ

ಮಂಗಳೂರಿನಿಂದ ಬರುವವರು ಮೂಡುಬಿದಿರೆ, ಕಾರ್ಕಳ, ಬಜಗೋಳಿ, ಮಾಳ ಘಾಟಿಯ ಮೂಲಕ ಎಸ್.ಕೆ. ಬಾರ್ಡರ್ ತಲುಪಿ, ಅಲ್ಲಿಂದ ಕುದುರೆಮುಖ–ಕಳಸ ರಸ್ತೆ ಹಿಡಿಯಬೇಕು. ಶೃಂಗೇರಿಯ ಕಡೆಯಿಂದ ಬರುವವರು ಕೆರೆಕಟ್ಟೆಯ ಮೂಲಕ ಇದೇ ಎಸ್.ಕೆ. ಬಾರ್ಡರ್‌ಗೆ ಬರಬಹುದು. ಬೆಂಗಳೂರು, ಹಾಸನ ಹಾಗೂ ಚಿಕ್ಕಮಗಳೂರಿನ ಕಡೆಯವರಿಗೆ ಕಳಸದ ಮೂಲಕ ಬರುವುದು ಅನುಕೂಲ. ಸಮೀಪದ ವಿಮಾನ ನಿಲ್ದಾಣ ಮಂಗಳೂರು. ಕಳಸದಲ್ಲಿ ಬಸ್ ಸೌಕರ್ಯ ಹಾಗೂ ವಸತಿ ಸೌಲಭ್ಯವಿದೆ.

ಉದ್ಯಾನದ ಒಳಗೆ ಹಾದುಹೋಗುವ ರಸ್ತೆಯ ತನಿಖಾ ಠಾಣೆಗಳಲ್ಲಿ ವಾಹನದ ಸಂಖ್ಯೆ ಹಾಗೂ ಸಮಯವನ್ನು ದಾಖಲಿಸಲಾಗುತ್ತದೆ. ಚೀಟಿ ನೀಡಿದಲ್ಲಿ ಅದನ್ನು ಜೋಪಾನವಾಗಿಟ್ಟುಕೊಂಡು ಮುಂದಿನ ಠಾಣೆಯಲ್ಲಿ ಒಪ್ಪಿಸಬೇಕು. ಉದ್ಯಾನದ ವ್ಯಾಪ್ತಿಯಲ್ಲಿ ರಸ್ತೆಯ ಬದಿ ವಾಹನ ನಿಲ್ಲಿಸಿ ಅಡುಗೆ ಮಾಡುವುದು, ಊಟ ಮಾಡುವುದು, ಮದ್ಯಪಾನ ಮಾಡುವುದು, ಜೋರಾಗಿ ಹಾಡು ಹಾಕುವುದು ನಿಷಿದ್ಧ. ಘಾಟಿಯಲ್ಲಿ ವೇಗವನ್ನು ತಗ್ಗಿಸಿ, ವಿಶೇಷವಾಗಿ ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಪ್ರಾಣಿಗಳಿಗೆ ದಾರಿ ಬಿಡುವಂತೆ ಚಾಲಕರಲ್ಲಿ ಕೋರಲಾಗಿದೆ.

9. ಪಾಲಿಸತಕ್ಕ ನಿಯಮಗಳು

(ಅ) ಗುರುತಿಸಿದ ಕಾಲುದಾರಿಯನ್ನು ಬಿಟ್ಟು ಅಡ್ಡದಾರಿ ಹಿಡಿಯಬಾರದು. ಇಳಿಜಾರಿನಲ್ಲಿ ಹುಲ್ಲು ತುಳಿದು ಹೊಸ ದಾರಿಯಾದಲ್ಲಿ, ಮುಂದಿನ ಮಳೆಗೆ ಅದೇ ಕಾಲುವೆಯಾಗಿ ಮಣ್ಣು ಕೊಚ್ಚಿಹೋಗುತ್ತದೆ.

(ಆ) ಬೆಂಕಿಪೊಟ್ಟಣ, ಲೈಟರ್, ಸಿಗರೇಟು, ಬೀಡಿ, ಸ್ಟೌ, ಮದ್ಯ, ಆಯುಧ ಹಾಗೂ ಸಿಡಿಮದ್ದುಗಳನ್ನು ಒಯ್ಯುವಂತಿಲ್ಲ.

(ಇ) ಶಿಖರದಲ್ಲಾಗಲಿ ಕಣಿವೆಯಲ್ಲಾಗಲಿ ಡೇರೆ ಹಾಕಿ ರಾತ್ರಿ ತಂಗುವುದಕ್ಕೆ ಅವಕಾಶವಿಲ್ಲ.

(ಈ) ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ತರಬಾರದು. ಒಯ್ದ ಪ್ರತಿಯೊಂದು ವಸ್ತುವನ್ನೂ, ಹಣ್ಣಿನ ಸಿಪ್ಪೆ ಸಹಿತ, ಮರಳಿ ತರಬೇಕು.

(ಉ) ಹಳ್ಳಗಳಲ್ಲಿ ಸೋಪು, ಶಾಂಪೂ ಬಳಸಬಾರದು. ಅದೇ ನೀರನ್ನು ಕೆಳಗಿನ ಹಳ್ಳಿಯವರು ಕುಡಿಯುತ್ತಾರೆ.

(ಊ) ಗಿಡ, ಹೂವು, ಕಲ್ಲು, ಕೀಟ ಯಾವುದನ್ನೂ ಕೊಂಡೊಯ್ಯಬಾರದು.

(ಋ) ಉದ್ಯಾನದ ವ್ಯಾಪ್ತಿ ಹಾಗೂ ಅಂಚಿನಲ್ಲಿ ಮಲೆಕುಡಿಯ ಸಮುದಾಯವೂ ಸೇರಿದಂತೆ ಅನೇಕ ಕುಟುಂಬಗಳು ವಾಸಿಸುತ್ತಿವೆ. ಅವರ ತೋಟ, ಗದ್ದೆ, ದೈವಸ್ಥಾನಗಳನ್ನು ಅಪ್ಪಣೆಯಿಲ್ಲದೆ ಪ್ರವೇಶಿಸುವುದಾಗಲಿ ಮನೆಯವರ ಭಾವಚಿತ್ರ ತೆಗೆಯುವುದಾಗಲಿ ಸಲ್ಲದು.

10. ಆರೋಗ್ಯ ಮತ್ತು ಸುರಕ್ಷತೆ

ಉಂಬಳ: ಮಳೆಗಾಲ ಹಾಗೂ ಅದರ ನಂತರದ ತಿಂಗಳುಗಳಲ್ಲಿ ಉಂಬಳಗಳು ಹೇರಳ. ಇವುಗಳ ಕಡಿತ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಉದ್ದನೆಯ ಕಾಲುಚೀಲ ಧರಿಸಿ, ಆಗಾಗ ಕಾಲುಗಳನ್ನು ಪರಿಶೀಲಿಸಿಕೊಳ್ಳಬೇಕು. ಕಚ್ಚಿದ ಜಾಗವನ್ನು ಶುದ್ಧ ನೀರಿನಿಂದ ತೊಳೆದು ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ.

ಮಂಗನ ಕಾಯಿಲೆ: ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಈ ಜ್ವರವು ಉಣ್ಣೆಗಳ ಕಡಿತದಿಂದ ಹರಡುತ್ತದೆ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ಮೈ ತುಂಬ ಬಟ್ಟೆ ಧರಿಸುವುದು, ಆರೋಗ್ಯ ಇಲಾಖೆಯು ಒದಗಿಸುವ ಡೇಪಾ ತೈಲವನ್ನು ಲೇಪಿಸಿಕೊಳ್ಳುವುದು, ಹಿಂದಿರುಗಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ತೊಳೆಯುವುದು ಮುಂಜಾಗ್ರತಾ ಕ್ರಮಗಳಾಗಿವೆ. ಸತ್ತ ಮಂಗ ಕಂಡುಬಂದಲ್ಲಿ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಊರಿಗೆ ಮರಳಿದ ಮೇಲೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ, ಮಲೆನಾಡಿನ ಕಾಡಿಗೆ ಹೋಗಿ ಬಂದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಹಾವು ಕಡಿತ: ಕಡಿದ ಜಾಗವನ್ನು ಕೊಯ್ಯುವುದು, ರಕ್ತ ಹೀರುವುದು, ಹಗ್ಗದಿಂದ ಬಿಗಿಯುವುದು ಸರಿಯಲ್ಲ. ಕಡಿತಕ್ಕೊಳಗಾದವರಿಗೆ ಧೈರ್ಯ ಹೇಳಿ, ಆ ಅಂಗವನ್ನು ಅಲುಗಾಡಿಸದಂತೆ ಇರಿಸಿ, ಆದಷ್ಟು ಬೇಗ ಕಳಸ ಅಥವಾ ಕಾರ್ಕಳದ ಸರ್ಕಾರಿ ಆಸ್ಪತ್ರೆಗೆ ಸಾಗಿಸಬೇಕು.

ದಾರಿ ತಪ್ಪಿದಲ್ಲಿ: ಮಂಜು ಕವಿದು ಗುಂಪಿನಿಂದ ಬೇರ್ಪಟ್ಟವರು ಗಾಬರಿಯಿಂದ ಕೆಳಗಿಳಿಯುತ್ತಾ ಹೋಗಬಾರದು. ಕಣಿವೆಯ ಹಳ್ಳವನ್ನು ಹಿಡಿದು ಇಳಿದರೆ ಜಲಪಾತ ಅಥವಾ ಪ್ರಪಾತ ಎದುರಾಗುವ ಸಂಭವವಿದೆ. ಇದ್ದಲ್ಲಿಯೇ ನಿಂತು, ಸಿಳ್ಳೆಯ ಮೂಲಕ ಸೂಚನೆ ನೀಡುತ್ತಾ, ಮಾರ್ಗದರ್ಶಕರು ಬರುವವರೆಗೆ ಕಾಯುವುದು ಸುರಕ್ಷಿತ. ಇದಕ್ಕಾಗಿ ಪ್ರತಿಯೊಬ್ಬರೂ ಒಂದು ಸಿಳ್ಳೆ, ಟಾರ್ಚು, ಕನಿಷ್ಠ 2 ಲೀಟರ್ ನೀರು, ಮಳೆಯಂಗಿ ಹಾಗೂ ಒಂದು ಹೊತ್ತಿನ ಹೆಚ್ಚುವರಿ ಆಹಾರ ಒಯ್ಯಬೇಕು.

ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೂ, ಕಾಳ್ಗಿಚ್ಚು ಅಥವಾ ವನ್ಯಜೀವಿ ಸಂಬಂಧಿತ ದೂರುಗಳಿಗೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಕರೆ ಮಾಡಬಹುದು.

11. ಕಾನೂನಿನ ಉಪಬಂಧಗಳು

ರಾಷ್ಟ್ರೀಯ ಉದ್ಯಾನಗಳಿಗೆ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972 ಅನ್ವಯಿಸುತ್ತದೆ. ಈ ಕಾಯ್ದೆಯ 27 ಮತ್ತು 28ನೇ ಪ್ರಕರಣಗಳು ಪ್ರವೇಶ ಹಾಗೂ ಅನುಮತಿಗೆ, 30ನೇ ಪ್ರಕರಣವು ಬೆಂಕಿ ಹಚ್ಚುವುದರ ನಿಷೇಧಕ್ಕೆ, 31ನೇ ಪ್ರಕರಣವು ಆಯುಧ ಒಯ್ಯುವುದರ ನಿಷೇಧಕ್ಕೆ ಸಂಬಂಧಿಸಿವೆ. 35ನೇ ಪ್ರಕರಣದ ಮೂಲಕ ಇವು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯವಾಗುತ್ತವೆ. ಪ್ರಾಣಿಗಳನ್ನು ಕೆಣಕುವುದು ಹಾಗೂ ಕಸ ಎಸೆಯುವುದು ಸಹ ಈ ಕಾಯ್ದೆಯಡಿ ಅಪರಾಧವಾಗಿದೆ. ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗಿನ ಕಾರಾಗೃಹ ವಾಸ ಅಥವಾ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. 2022ರ ತಿದ್ದುಪಡಿಯ ಮೂಲಕ ಗರಿಷ್ಠ ದಂಡವನ್ನು 25,000 ರೂಪಾಯಿಗಳಿಂದ 1 ಲಕ್ಷ ರೂಪಾಯಿಗಳಿಗೆ ಏರಿಸಲಾಗಿದೆ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ಥಳದಲ್ಲಿಯೇ ಹಣ ಪಾವತಿಸಿ ಶಿಖರಕ್ಕೆ ಹೋಗಬಹುದೇ?
ಉತ್ತರ: ಇಲ್ಲ. ಚಾರಣಕ್ಕೆ ಮುಂಗಡವಾಗಿ ಕಾಯ್ದಿರಿಸುವುದು ಕಡ್ಡಾಯ.

ಪ್ರಶ್ನೆ: ಸ್ಥಳೀಯರಿಗೆ ದಾರಿ ಗೊತ್ತಿದೆ. ಅವರೊಂದಿಗೆ ಬೇರೆ ದಾರಿಯಲ್ಲಿ ಹೋಗಬಹುದೇ?
ಉತ್ತರ: ಇಲ್ಲ. ಅನುಮತಿಯಿಲ್ಲದ ಪ್ರವೇಶವು ಅಪರಾಧವಾಗಿದ್ದು, ಕರೆದೊಯ್ದವರೂ ಹೊಣೆಗಾರರಾಗುತ್ತಾರೆ. ಅಲ್ಲದೆ, ದಾಖಲೆಯಲ್ಲಿ ಹೆಸರಿಲ್ಲದವರು ಸಂಜೆ ಹಿಂದಿರುಗದಿದ್ದಲ್ಲಿ ಹುಡುಕಬೇಕೆಂಬ ವಿಷಯವೇ ಸಿಬ್ಬಂದಿಗೆ ತಿಳಿಯುವುದಿಲ್ಲ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಬರಬಹುದೇ?
ಉತ್ತರ: ಬರಬಹುದು. ಆ ಅವಧಿಯಲ್ಲಿ ಬೆಟ್ಟದ ಚಾರಣ ಮುಚ್ಚಿರುತ್ತದೆಯಾದರೂ, ಘಾಟಿ ರಸ್ತೆಯ ಪ್ರಯಾಣ ಹಾಗೂ ಕಳಸ, ಹೊರನಾಡು, ಶೃಂಗೇರಿ ಕ್ಷೇತ್ರಗಳ ಭೇಟಿಗೆ ಅಡ್ಡಿಯಿಲ್ಲ.

ಪ್ರಶ್ನೆ: ನಿಗದಿತ ದಿನದಂದು ಸ್ಥಳಗಳು ಭರ್ತಿಯಾಗಿದ್ದಲ್ಲಿ ವಿನಾಯಿತಿ ಇದೆಯೇ?
ಉತ್ತರ: ಇಲ್ಲ. ಬೇರೆ ದಿನಾಂಕ ಅಥವಾ ಬೇರೆ ಮಾರ್ಗವನ್ನು ಆಯ್ಕೆ ಮಾಡಿಕೊಳ್ಳಬೇಕು. ಶಿಫಾರಸು ಪತ್ರಗಳನ್ನು ತರಬಾರದಾಗಿ ವಿನಂತಿ.

13. ಸಾರ್ವಜನಿಕರಲ್ಲಿ ಮನವಿ

ಗಣಿಗಾರಿಕೆ ನಿಂತು ಎರಡು ದಶಕಗಳು ಸಂದಿವೆ. ಅಗೆತದಿಂದ ಉಳಿದುಕೊಂಡ ಬೆಟ್ಟಗಳು ಕಾಲ್ತುಳಿತದಿಂದಲೂ ಕಸದಿಂದಲೂ ಬೆಂಕಿಯಿಂದಲೂ ಹಾಳಾಗದಂತೆ ನೋಡಿಕೊಳ್ಳುವ ಹೊಣೆ ಇಲಾಖೆಯದು ಮಾತ್ರವಲ್ಲ, ಭೇಟಿ ನೀಡುವ ಪ್ರತಿಯೊಬ್ಬರದೂ ಆಗಿದೆ. ಒಂದು ದಿನದ ಅನುಮತಿ ದೊರೆಯದೇ ಹೋದಲ್ಲಿ ಅರ್ಜಿದಾರರಿಗೆ ಆಗುವ ನಿರಾಶೆ ಸಹಜ. ಆದರೆ ಮುಂದಿನ ತಿಂಗಳು ಅಥವಾ ಮುಂದಿನ ವರ್ಷ ಬಂದಾಗಲೂ ಬೆಟ್ಟವು ಅಲ್ಲಿಯೇ, ಹಸಿರಾಗಿಯೇ ಇರಲೆಂಬುದು ಈ ಮಿತಿಯ ಉದ್ದೇಶ. ಈ ನಿಯಮಗಳ ಪಾಲನೆಯಲ್ಲಿ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.